ತಿಂಗಳ ಥೀಮ್ ಇಡುವಾಗ ಮಳೆ ನೋಡಿ

ಫೋಟೋಗ್ರಫಿ ಕ್ಲಬ್‌ನಲ್ಲಿ ತಿಂಗಳಿಗೊಂದು ಥೀಮ್ ಇಡುವವರಿಗೆ ಒಂದು ಮಾತು. ‘ಪ್ರಕೃತಿ’ ಅಂತೆಲ್ಲ ಕೊಡಬೇಡಿ. ಜನ ಸುಮ್ನೆ ಹಳೇ ಫೋಟೋ ಹುಡುಕಿ ಹಾಕುತ್ತಾರೆ, ಮಡಿಕೇರಿಯ ರಾಜಾಸೀಟ್ ಸೂರ್ಯಾಸ್ತವೇ ಸಾಲು ಸಾಲು ಬರುತ್ತದೆ. ‘ಕಣದಲ್ಲಿ ಕಾಫಿ ಹರಡುವ ಕೈಗಳು’ ಅನ್ನಿ, ಆಗ ಮನೆಯಿಂದ ಹೊರಗೆ ಬರುತ್ತಾರೆ.

ಕಾಫಿ ಹೂವಿನ ಥೀಮ್‌ಗೆ ಮಾತ್ರ ಮೊದಲೇ ತಾರೀಖು ಹಾಕಬೇಡಿ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಫೆಬ್ರವರಿಯಲ್ಲೂ ಬರಬಹುದು, ಏಪ್ರಿಲ್‌ಗೂ ಹೋಗಬಹುದು. ಒಳ್ಳೆ ಮಳೆ ಬಿದ್ದು 8–10 ದಿನಕ್ಕೆ ಹೂ ಅರಳುತ್ತದೆ, ಮೂರ್ನಾಲ್ಕು ದಿನಕ್ಕೆ ಬಾಡಿ ಕಂದಾಗುತ್ತದೆ. ಮಳೆ ಬಿದ್ದ ದಿನವೇ ಗ್ರೂಪ್‌ನಲ್ಲಿ ಹೇಳಿದರೆ ತಯಾರಾಗಲು ಸಮಯ ಸಿಗುತ್ತದೆ. ಸ್ಪ್ರಿಂಕ್ಲರ್ ಹಾಕಿದ ತೋಟದಲ್ಲಿ ಇನ್ನೂ ಬೇಗ ಅರಳಬಹುದು, ಅಲ್ವಾ? ಅದನ್ನೂ ವಿಚಾರಿಸಿ. ತೋಟದವರನ್ನು ಕೇಳದೆ ಒಳಗೆ ಕಾಲಿಡಬೇಡಿ. ಆನೆ ಓಡಾಡುವ ಕಡೆ ಬೆಳಗಿನ ಜಾವ ಒಬ್ಬರೇ ಹೋಗುವುದು ಬೇಡವೇ ಬೇಡ.

ಕಡು ಹಸಿರು ಎಲೆ ನಡುವೆ ಬಿಳಿ ಹೂ ಬಿಸಿಲಿಗೆ ಸುಣ್ಣ ಬಳಿದ ಹಾಗೆ ಬರುತ್ತದೆ. ಎಕ್ಸ್‌ಪೋಷರ್ (ಫೋಟೋಗೆ ಬೀಳುವ ಬೆಳಕು) ಸ್ವಲ್ಪ ಇಳಿಸಿ. ಮಂಜಿಗೆ ಉಲ್ಟಾ, +1ರ ತನಕ ಏರಿಸಿ ನೋಡಿ. ಇಲ್ಲದಿದ್ದರೆ ಮಂಜು ಬೂದಿ ಬಣ್ಣ. ಮೊಬೈಲ್‌ನಲ್ಲೂ ಪರದೆ ಒತ್ತಿ ಮೇಲೆ ಕೆಳಗೆ ಎಳೆದರೆ ಇದು ಆಗುತ್ತದೆ.

ಮಳೆಗಾಲಕ್ಕೆ ಅಬ್ಬಿ ಜಲಪಾತ, ಇರ್ಪು ಜಲಪಾತ ಅಂತ ಜಾರುವ ಬಂಡೆ ಮೇಲೆ ಜನರನ್ನು ಓಡಿಸುವುದಕ್ಕಿಂತ ಮನೆಯೊಳಗಿನ ಥೀಮ್ ಒಳ್ಳೆಯದು. ಕೊಡಗಿನಲ್ಲಿ ಕಕ್ಕಡ ತಿಂಗಳ 18ನೇ ದಿನ ಮಾಡುವ ಮದ್ದುಸೊಪ್ಪಿನ (ಔಷಧಿ ಸೊಪ್ಪಿನ) ಪಾಯಸ ಇದೆಯಲ್ಲ, ಆ ನೇರಳೆ ಬಣ್ಣವನ್ನು ಕಿಟಕಿ ಬೆಳಕಲ್ಲಿ ತೆಗೆಯಿರಿ, ಟ್ಯೂಬ್‌ಲೈಟ್ ಆರಿಸಿ. ಆಮೇಲೆ ಕ್ಯಾಮೆರಾವನ್ನು ಬ್ಯಾಗ್‌ನಲ್ಲೇ ಬಿಡಬೇಡಿ. ಲೆನ್ಸ್‌ಗೆ ಬೂಷ್ಟು ಹಿಡಿಯುವ ಕಾಲ ಅದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಹಾಕಿಡಿ.