ಮೂರನೇ ಸಲಕ್ಕೆ ಲೇಹ್ ಒಲಿಯಿತು

ಮೊದಲ ಸಲ ದೆಹಲಿಯಿಂದ ಬೆಳಗಿನ ವಿಮಾನ ಹಿಡಿದು ಲಡಾಖ್‌ನ ಲೇಹ್‌ನಲ್ಲಿ ಇಳಿದೆ. ಹನ್ನೊಂದೂವರೆ ಸಾವಿರ ಅಡಿ ಎತ್ತರದ ಊರು, ತೆಳು ಗಾಳಿಗೆ ಮೈ ಒಗ್ಗೋಕೆ ಸಮಯ ಬೇಕು. ಆರಾಮಾಗಿದ್ದೆ, ಸಂಜೆಯೇ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿದೆ. ರಾತ್ರಿಯೆಲ್ಲ ವಾಂತಿ, ತಲೆ ಸಿಡಿಯುವಂಥ ನೋವು. ನಾಲ್ಕನೇ ದಿನ ವಾಪಸ್. ಟಿಕೆಟ್ ಬದಲಾಯಿಸಿದ್ದು, ಚಾರಣಕ್ಕೆ ಕೊಟ್ಟ ಮುಂಗಡ ಎಲ್ಲ ಸೇರಿ 30 ಸಾವಿರದ ಹತ್ತಿರ ನೀರಲ್ಲಿ ಹೋಮ.

ಎರಡನೇ ಸಲ ಮನಾಲಿ ರಸ್ತೆ. ಸರ್ಚುವಿನ ಟೆಂಟಲ್ಲಿ ಮಲಗಿದ್ದೇ ತಪ್ಪಾಯಿತು. ಅದು 14 ಸಾವಿರ ಅಡಿ, ಲೇಹ್‌ಗಿಂತ ಎತ್ತರ!

ಮೂರನೇ ಸಲ ಲೆಕ್ಕವನ್ನೇ ತಿರುಗಿಸಿದೆ. ಶ್ರೀನಗರದ ಕಡೆಯಿಂದ ಹೊರಟೆ. ಹಗಲು ಫೋಟು ಲಾ ಥರದ 13 ಸಾವಿರ ಅಡಿಯ ಘಾಟಿ ದಾಟಿದರೂ ಸರಿ, ಮಲಗೋ ಜಾಗ ಮಾತ್ರ ನಿಧಾನಕ್ಕೆ ಏರಬೇಕು. ಶ್ರೀನಗರ (5,200 ಅಡಿ) ಎರಡು ರಾತ್ರಿ, ಕಾರ್ಗಿಲ್ (8,800) ಎರಡು, ಆಲ್ಚಿ (10 ಸಾವಿರ ಚಿಲ್ಲರೆ) ಮೂರು. ಆಮೇಲೆ ಚಾರಣ, ಕೊನೆಗೆ ಲೇಹ್. "ದಾರೀಲಿ ಕೊಳೆಯೋಕೆ ವಾರ ರಜೆ ಹಾಕ್ಬೇಕಾ ಮಾರಾಯ?" ಅಂತ ಗೆಳೆಯ ಕೈಕೊಟ್ಟ.

ಆಲ್ಚಿಯಲ್ಲಿ ದಿನಾ ಸುಮ್‌ತ್ಸೆಕ್ ಅನ್ನೋ ಹಳೇ ಬೌದ್ಧ ಗುಡಿಗೆ ಹೋದೆ. ಬೋಧಿಸತ್ವರ ಮೂರು ದೊಡ್ಡ ಮಣ್ಣಿನ ಮೂರ್ತಿಗಳ ಕಾಲು ಕೆಳಗೆ, ತಲೆ ಮೇಲಿನ ಅಂತಸ್ತಿನಲ್ಲಿ. ಅವರಲ್ಲೊಬ್ಬನಾದ ಮೈತ್ರೇಯನ ಪಂಚೆ ತುಂಬ ಬುದ್ಧನ ಬದುಕಿನ ಪುಟ್ಟ ಪುಟ್ಟ ಚಿತ್ರಗಳು. ಫೋಟೊ ತೆಗೆಯೋ ಹಾಗಿಲ್ಲ, ಒಳಗೆ ಕತ್ತಲು. ಟಾರ್ಚ್ ಮರೆಯಬೇಡಿ.

ಚಾರಣ ಲಿಕಿರ್‌ನಿಂದ ಟೆಮಿಸ್‌ಗಾಮ್‌ಗೆ. ಬೇಬಿ ಟ್ರೆಕ್ ಅಂತ ನಗುತ್ತಾರೆ, ನಗಲಿ. ಕುಕ್ಕರ್ ಇಲ್ಲದೆ ಚಿತ್ರಾನ್ನ ಮಾಡಹೋಗಿ ಅಕ್ಕಿ ಬೇಯಲೇ ಇಲ್ಲ. ಆದರೆ ದಾರಿಯ ಹೆಮಿಸ್ ಶುಕ್‌ಪಾಚನ್ ಹಳ್ಳಿಯಲ್ಲಿ ಉಳಿದುಕೊಂಡ ಮನೆಯ ಅಜ್ಜಿ ನನ್ನ ರಾಗಿ ಹುರಿಹಿಟ್ಟು ಮೂಸಿ ನೋಡಿ ನಕ್ಕರು. ಉಪ್ಪು ಹಾಕಿದ ಬೆಣ್ಣೆ ಚಹಾಕ್ಕೆ ಸುರಿದು, ಬಟ್ಟಲಲ್ಲೇ ಬೆರಳಿಂದ ಕಲಸಿ ಉಂಡೆ ಕಟ್ಟಿಕೊಟ್ಟರು. ಅವರ ಸಾಂಪಾ ಅಂದರೂ ಹುರಿಹಿಟ್ಟೇ ಅಲ್ವಾ, ಬಾರ್ಲಿಯದು ಅಷ್ಟೆ. ಮೂರು ಉಂಡೆ ತಿಂದೆ.

17 ದಿನಕ್ಕೆ ಸುಮಾರು 42 ಸಾವಿರ ಆಯಿತು. ಶೇರ್ ಟ್ಯಾಕ್ಸಿಯಲ್ಲಿ ಪ್ರತಿ ಸಲ ಮುಂದಿನ ಸೀಟು ಹೇಗೆ ಹಿಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಲೇಹ್‌ಗೆ ಬಂದ ಮರುದಿನವೇ ಒಂಬತ್ತು ಅಂತಸ್ತಿನ ಹಳೇ ಅರಮನೆ ದಾಟಿ, ಅದರ ಮೇಲಿನ ಗುಡ್ಡದ ನಮ್‌ಗ್ಯಾಲ್ ತ್ಸೆಮೋ ಗುಡಿಗೆ ಹತ್ತಿದೆ. ಒಂದೇ ಉಸಿರಿಗೆ ಅಂತ ಸುಳ್ಳು ಹೇಳಲ್ಲ, ಎರಡು ಕಡೆ ಕೂತೆ. ತಲೆನೋವು ಮಾತ್ರ ಇಲ್ಲ. ಮೇಲಿಂದಲೇ ಗೆಳೆಯನಿಗೆ ವಿಡಿಯೊ ಕಾಲ್ ಮಾಡಿದೆ. ಎತ್ತಲಿಲ್ಲ.