ಗ್ಲೋಬಲ್ ಸ್ಟಡೀಸ್ ಓದಬೇಕಾ? ಕಮ್ಯುನಿಟಿ ಕಾಲೇಜಿನಿಂದ ಹೀಗೆ ಹೊರಡಿ

"ಕಮ್ಯುನಿಟಿ ಕಾಲೇಜಾ? ಊರಲ್ಲಿ ಕೇಳಿದವರಿಗೆ ಏನಂತ ಹೇಳಲಿ ಕಣೇ?" ಅಂತ ಅಕ್ಕ ಫೋನಿನಲ್ಲಿ ಗೋಳಾಡಿದ್ದು ಇನ್ನೂ ನೆನಪಿದೆ. ಮಗಳಿಗೆ ಎಂಜಿನಿಯರಿಂಗ್ ಬೇಡ, ಗ್ಲೋಬಲ್ ಸ್ಟಡೀಸ್ ಬೇಕು. ಅದನ್ನೂ ಮೊದಲೆರಡು ವರ್ಷ ಮನೆ ಹತ್ತಿರದ ಕಾಲೇಜಿನಲ್ಲಿ ಓದಿ, ಆಮೇಲೆ ಯುನಿವರ್ಸಿಟಿಗೆ ಹೋಗುತ್ತಾಳಂತೆ. ಅಕ್ಕನಿಗೆ ಒಂದೇ ದಿನ ಎರಡು ಏಟು.

ಅವರಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಅಲ್ಲಿ ಇದು ಮಾಮೂಲಿ ದಾರಿ. ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಮೊದಲೆರಡು ವರ್ಷ ಇಲ್ಲಿ, ಉಳಿದೆರಡು ಯುನಿವರ್ಸಿಟಿಯಲ್ಲಿ; ಕೊನೆಗೆ ಕೈಗೆ ಬರುವ ಡಿಗ್ರಿ ಯುನಿವರ್ಸಿಟಿಯದೇ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಕೋರ್ಸ್‌ನ ತೂಕ ಅಳೆಯುವ ಕ್ರೆಡಿಟ್) 46 ಡಾಲರ್, ಅಂದರೆ ಬೇಕಾದ 60 ಯೂನಿಟ್‌ಗೆ 2,760 ಡಾಲರ್. ಪುಸ್ತಕ, ಪಾರ್ಕಿಂಗ್ ಬೇರೆ. ಕ್ಯುಪರ್ಟಿನೊದ ಡಿ ಆಂಜಾದಂಥ, ವರ್ಷವನ್ನು ಸೆಮಿಸ್ಟರ್ ಬದಲು ಚಿಕ್ಕ ಕ್ವಾರ್ಟರ್‌ಗಳಾಗಿ ಭಾಗಿಸುವ ಕಾಲೇಜಿನಲ್ಲಿ ಯೂನಿಟ್‌ಗೆ 31 ಡಾಲರ್, ಆದರೆ 90 ಯೂನಿಟ್ ಬೇಕು. ಈ ಲೆಕ್ಕ ಹೇಳಿದ ಮೇಲೆ ಭಾವ ತೆಪ್ಪಗಾದರು. ಅಕ್ಕನಿಗೆ ಇನ್ನೂ ಸ್ವಲ್ಪ ದಿನ ಬೇಕಾಯಿತು.

ಗ್ಲೋಬಲ್ ಸ್ಟಡೀಸ್ ಅಂದರೆ ಏನು ಅಂತ ಕೇಳುವವರಿಗೆ ನಾನು ಕಾಫಿಯ ಕಥೆ ಹೇಳುತ್ತೇನೆ. 2021ರ ಜುಲೈನಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹಿಮವಾಗಿ ಗಿಡಗಳು ಸುಟ್ಟವು. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಏರಿತು. ಮೂಡಿಗೆರೆಯ ಬೆಳೆಗಾರ ಮೊಬೈಲ್‌ನಲ್ಲಿ ಆ ಬೆಲೆಯನ್ನೇ ನೋಡುತ್ತಾ ಕೂತ. ಎಲ್ಲೋ ಬಿದ್ದ ಹಿಮಕ್ಕೂ ಇಲ್ಲಿನ ಬೆಳೆಗಾರನ ಜೇಬಿಗೂ ನಡುವೆ ಹವಾಮಾನ, ಹಣ, ರಾಜಕೀಯ, ಕೂಲಿಗಾಗಿ ಊರು ಬಿಟ್ಟವರು ಎಲ್ಲ ಬರುತ್ತಾರೆ. ಇದನ್ನೆಲ್ಲ ಒಟ್ಟಿಗೆ ನೋಡುವ ಓದು ಇದು.

ಮೊದಲ ಕೆಲಸ: ಕೊನೆಯಿಂದ ಶುರು ಮಾಡುವುದು

ಹೆಚ್ಚಿನವರು ಕಾಲೇಜಿನ ಪಟ್ಟಿ ತೆಗೆದು, ಚೆನ್ನಾಗಿ ಕಂಡ ಕೋರ್ಸ್‌ಗಳನ್ನು ಆರಿಸುತ್ತಾರೆ. ಹಾಗೆ ಮಾಡಬೇಡಿ. ಮೊದಲು ಹೋಗಬೇಕಾದ ಯುನಿವರ್ಸಿಟಿ ಏನು ಕೇಳುತ್ತದೆ ಅಂತ ನೋಡಿ. ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಬರ್ಕ್ಲಿ, ಲಾಸ್ ಏಂಜಲೀಸ್, ಸಾಂಟಾ ಬಾರ್ಬರಾ, ರಿವರ್‌ಸೈಡ್ ಕ್ಯಾಂಪಸ್‌ಗಳಲ್ಲಿ ಈ ವಿಷಯ ಇದೆ. ನಾಲ್ಕೂ ಕಡೆ ಕೇಳುವುದು ಒಂದೇ ಅಲ್ಲ.

ಇದಕ್ಕೆ ಅಸಿಸ್ಟ್ ಎಂಬ ಅಧಿಕೃತ ವೆಬ್‌ಸೈಟ್ ಇದೆ, ಪುಕ್ಕಟೆ. ನಿಮ್ಮ ಕಾಲೇಜು, ಹೋಗಬೇಕಾದ ಕ್ಯಾಂಪಸ್, ವಿಷಯ ಮೂರನ್ನೂ ಆರಿಸಿದರೆ ಎರಡು ಸಾಲು ಬರುತ್ತದೆ. ಎಡಗಡೆ ಯುನಿವರ್ಸಿಟಿಯ ಕೋರ್ಸ್, ನಡುವೆ ಬಾಣದ ಗುರುತು, ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸ್. ಬಲಗಡೆ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಅಂತ ಇದ್ದರೆ ಅದಕ್ಕೆ ಸಮ ಅಂತ ಒಪ್ಪಿರುವ ಕೋರ್ಸ್ ನಿಮ್ಮ ಕಾಲೇಜಿನಲ್ಲಿ ಇಲ್ಲ ಅಂತ ಅರ್ಥ. ಆಗ ಪಕ್ಕದ ಊರಿನ ಕಮ್ಯುನಿಟಿ ಕಾಲೇಜಿನಲ್ಲಿದೆಯಾ ನೋಡಿ. ಒಂದೇ ಹೊತ್ತಿಗೆ ಎರಡು ಕಾಲೇಜಿನಲ್ಲಿ ಕೋರ್ಸ್ ಮಾಡಬಹುದು. ಮೂರು ಕ್ಯಾಂಪಸ್‌ಗಳ ಪಟ್ಟಿ ಪ್ರಿಂಟ್ ತೆಗೆದು, ಮೂರರಲ್ಲೂ ಇರುವ ಕೋರ್ಸ್‌ಗೆ ಹೈಲೈಟರ್ ಹಾಕಿ. ಅವನ್ನು ಮೊದಲು ಮುಗಿಸಿ.

ಸಾಮಾನ್ಯವಾಗಿ ಸಿಗುವುದು ಇವು: ಗ್ಲೋಬಲ್ ಸ್ಟಡೀಸ್ ಪರಿಚಯ, ಜಾಗತಿಕ ಸಮಸ್ಯೆಗಳು, ಅರ್ಥಶಾಸ್ತ್ರ, ವಿಶ್ವ ಇತಿಹಾಸ, ಮಾನವಶಾಸ್ತ್ರ, ಭೂಗೋಳ, ಅಂತರರಾಷ್ಟ್ರೀಯ ಸಂಬಂಧ. ನಿಮ್ಮ ಕಾಲೇಜಿನಲ್ಲಿ ಗ್ಲೋಬಲ್ ಸ್ಟಡೀಸ್ ಎಂಬ ಹೆಸರಿನ ವಿಭಾಗವೇ ಇಲ್ಲ ಅಂದರೂ ಗಾಬರಿ ಬೇಡ. ಇವು ಬೇರೆ ಬೇರೆ ವಿಭಾಗಗಳಲ್ಲಿ ಚದುರಿಕೊಂಡಿರುತ್ತವೆ.

ಭಾಷೆಯನ್ನು ಮೊದಲ ದಿನವೇ ಹಿಡಿಯಿರಿ

ನಮ್ಮ ಹುಡುಗಿ ಎಡವಿದ್ದು ಇಲ್ಲೇ. ಕೆಲವು ಕ್ಯಾಂಪಸ್‌ಗಳಿಗೆ ವಿದೇಶಿ ಭಾಷೆ ಎರಡು ವರ್ಷದ ಮಟ್ಟಕ್ಕೆ ಬೇಕು, ಅಂದರೆ ನಾಲ್ಕು ಸೆಮಿಸ್ಟರ್. ಒಂದು ಮುಗಿಯದೆ ಮುಂದಿನದಕ್ಕೆ ಹೋಗುವ ಹಾಗಿಲ್ಲ. ಇವಳು "ಸ್ಪ್ಯಾನಿಷ್ ಆಮೇಲೆ ನೋಡೋಣ ಚಿಕ್ಕಮ್ಮ" ಅಂತ ಎರಡನೇ ಸೆಮಿಸ್ಟರ್‌ಗೆ ತಳ್ಳಿದಳು. ಮೂರನೇ ಹಂತದ ಕ್ಲಾಸಿಗೆ ಸಾಕಷ್ಟು ಮಂದಿ ಸೇರಲಿಲ್ಲ ಅಂತ ಕಾಲೇಜು ಅದನ್ನು ರದ್ದು ಮಾಡಿತು. ಬೇಸಿಗೆ ರಜೆಯಲ್ಲಿ ಬೇರೆ ಕಾಲೇಜಿಗೆ ಬಸ್ ಹಿಡಿದು ಓಡಾಡಿದಳು.

ಮಗು ಕರ್ನಾಟಕದಲ್ಲಿ ಆರನೇ ತರಗತಿ ಅಥವಾ ಅದರ ಮೇಲೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದರೆ, ಆ ಮಾರ್ಕ್ಸ್ ಕಾರ್ಡ್ ಹಿಡಿದು ಕೌನ್ಸೆಲರ್ ಹತ್ತಿರ ಹೋಗಿ. ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಎರಡು ವರ್ಷ ಶಾಲೆ ಓದಿದ್ದರೆ ಭಾಷೆಯ ಷರತ್ತು ತೀರಿತು ಅಂತ ಒಪ್ಪುವ ಕಡೆಗಳಿವೆ. ಎಲ್ಲ ಕಡೆ ಅಲ್ಲ. ಕೇಳಿ ನೋಡಲು ಖರ್ಚೇನಿಲ್ಲ, ಅಲ್ವಾ?

ಇನ್ನು ಕ್ಯಾಲ್-ಗೆಟ್‌ಸಿ. 2025ರ ಫಾಲ್ ಸೆಮಿಸ್ಟರ್‌ನಿಂದ ಬಂದಿರುವ, ಮುಖ್ಯ ವಿಷಯದ ಜೊತೆಗೆ ಓದುವ ಸಾಮಾನ್ಯ ಶಿಕ್ಷಣದ ಪಟ್ಟಿ ಇದು: 11 ಕೋರ್ಸ್, 34 ಯೂನಿಟ್. ಗ್ಲೋಬಲ್ ಸ್ಟಡೀಸ್‌ನ ಎಷ್ಟೋ ಕೋರ್ಸ್ ಇದರಲ್ಲೂ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಒಂದೇ ಕಲ್ಲಿಗೆ ಎರಡು ಹಕ್ಕಿ. ಇಂಗ್ಲಿಷ್, ಗಣಿತ ಎರಡನ್ನೂ ಮೊದಲ ವರ್ಷವೇ ಮುಗಿಸಿಬಿಡಿ.

ಅರ್ಜಿಯ ತಿಂಗಳುಗಳು

ಸೆಪ್ಟೆಂಬರ್ ಅಂದರೆ ಟ್ಯಾಗ್. ಇಂತಿಷ್ಟು ಅಂಕ, ಇಂಥ ಕೋರ್ಸ್ ಮುಗಿಸಿದರೆ ಸೀಟು ಖಾತರಿ ಅನ್ನುವ ಒಪ್ಪಂದ ಇದು. ಆರು ಕ್ಯಾಂಪಸ್‌ಗಳಲ್ಲಿದೆ, ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ನಮ್ಮ ವಿಷಯಕ್ಕೆ ಸಾಂಟಾ ಬಾರ್ಬರಾ ಅಥವಾ ರಿವರ್‌ಸೈಡ್ ನೋಡಬಹುದು. ಅಕ್ಟೋಬರ್ ಒಂದರಿಂದ ಮುಖ್ಯ ಅರ್ಜಿ ಸಲ್ಲಿಸಬಹುದು. ನವೆಂಬರ್ ಕೊನೆ ವಾರಕ್ಕೆ ಬಿಟ್ಟುಕೊಳ್ಳಬೇಡಿ. ಜನವರಿಯಲ್ಲಿ ಹೊಸ ಅಂಕಗಳನ್ನು ಸೇರಿಸಬೇಕು. ಇದನ್ನು ಮರೆಯುವವರು ಜಾಸ್ತಿ.

ಅರ್ಜಿಯಲ್ಲಿ ನಾಲ್ಕು ಪ್ರಶ್ನೆ, ಒಂದೊಂದಕ್ಕೆ ಹೆಚ್ಚೆಂದರೆ 350 ಪದ. 'ಈ ವಿಷಯಕ್ಕೆ ನೀವು ಹೇಗೆ ಸಿದ್ಧರಾಗಿದ್ದೀರಿ' ಅನ್ನುವುದು ಟ್ರಾನ್ಸ್‌ಫರ್ ಆಗುವವರಿಗೆ ಕಡ್ಡಾಯ. ನಮ್ಮ ಹುಡುಗಿ ಮೊದಲು ವಿಶ್ವಶಾಂತಿ, ಮಾನವೀಯತೆ ಅಂತ ಬರೆದಿದ್ದಳು. ಓದಿ ನನಗೇ ಆಕಳಿಕೆ ಬಂತು. ಆಮೇಲೆ ಅಜ್ಜನ ತೋಟದ ರೋಬಸ್ಟಾ ಬೆಲೆಯನ್ನು ಲಂಡನ್ ಮಾರುಕಟ್ಟೆಯ ಬೆಲೆ ಜೊತೆ ಇಟ್ಟು ಅರ್ಥಶಾಸ್ತ್ರದ ಕ್ಲಾಸಿಗೆ ಮಾಡಿದ ಪ್ರಾಜೆಕ್ಟ್ ಬಗ್ಗೆ ಬರೆದಳು. ಅದರಲ್ಲಿ ಜೀವ ಇತ್ತು.

ವೀಸಾದ ಮಾತು

ಎಚ್-4ನಲ್ಲಿರುವ (ಕೆಲಸದ ವೀಸಾದಲ್ಲಿ ಬಂದವರ ಕುಟುಂಬದ ವೀಸಾ) ಮಕ್ಕಳು ಕಾಲೇಜಿಗೆ ಹೋಗಬಹುದು, ರಾಜ್ಯದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ನೆಲೆಸಿದ್ದರೆ ನಿವಾಸಿಗಳ ಶುಲ್ಕಕ್ಕೂ ಅರ್ಹರಾಗಬಹುದು. ಅಮೆರಿಕದ ಕೇಂದ್ರ ಸರ್ಕಾರದ ಆರ್ಥಿಕ ನೆರವು ಮಾತ್ರ ಸಿಗುವುದಿಲ್ಲ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಎರಡು ವರ್ಷದ ಓದು, ಟ್ರಾನ್ಸ್‌ಫರ್, ಹುಟ್ಟುಹಬ್ಬ ಮೂರನ್ನೂ ಒಂದೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕಾದರೆ ಶುಲ್ಕದ ಲೆಕ್ಕವೂ ಬದಲಾಗುತ್ತದೆ, ವಕೀಲರನ್ನು ಮೊದಲೇ ಕೇಳಿ. ಊರಿನಿಂದಲೇ ಎಫ್-1ನಲ್ಲಿ ಬರುವವರಿಗೆ 46 ಡಾಲರ್‌ನ ಲೆಕ್ಕ ಇಲ್ಲ. ಹಲವು ಪಟ್ಟು ಹೆಚ್ಚು ಕಟ್ಟಬೇಕು, ಪ್ರತಿ ಸೆಮಿಸ್ಟರ್ ಕನಿಷ್ಠ 12 ಯೂನಿಟ್ ಓದಬೇಕು.

ಸೀಟು ಸಿಕ್ಕ ಮೇಲೂ ಕೊನೆಯ ಸೆಮಿಸ್ಟರ್‌ನ ಕೋರ್ಸ್ ಯಾವುದನ್ನೂ ಹೇಳದೆ ಕೇಳದೆ ಬಿಡಬೇಡಿ, ಸೀಟೇ ಹೋದೀತು. ಪ್ರತಿ ಕೋರ್ಸಿನ ಸಿಲಬಸ್ ಪಿಡಿಎಫ್ ಉಳಿಸಿಡಿ. ಯುನಿವರ್ಸಿಟಿಯ ವಿಭಾಗದವರು ಒಂದು ಕೋರ್ಸನ್ನು ಒಪ್ಪದಿದ್ದರೆ ಅವರ ಮುಂದೆ ಇಡಬೇಕಾದದ್ದು ಅದೇ.