ಮನೆ ಕಟ್ಟುತ್ತೀರಾ? ಮೊದಲು ಸೈಟಿನ ಹಳೇ ಕಥೆ ಕೇಳಿ

ನಮ್ಮ ಮಲೆನಾಡಿಗೆ ಭೂಕಂಪ ಎಲ್ಲಿಂದ ಬರಬೇಕು ಅಂತ ನಗುವವರೇ ಜಾಸ್ತಿ. 1967ರಲ್ಲಿ ಮಹಾರಾಷ್ಟ್ರದ ಕೊಯ್ನಾ, 1993ರಲ್ಲಿ ಅಲ್ಲಿನದೇ ಕಿಲ್ಲಾರಿ ನಡುಗುವವರೆಗೂ ದಖ್ಖನ್ ನೆಲ ಗಟ್ಟಿ ಅಂತಲೇ ನಂಬಿದ್ದರು.

ಕಬ್ಬಿಣ ಎಷ್ಟು ಟನ್ ಅನ್ನುವ ಲೆಕ್ಕ ಆಮೇಲೆ. ಪಕ್ಕದ ಮನೆಯ ಅಜ್ಜನನ್ನು ಕೇಳಿ, ಈ ಸೈಟ್ ಮೊದಲು ಗದ್ದೆಯೋ, ಕೆರೆ ಅಂಚೋ, ಗುಡ್ಡವೋ? ನಡುಕದ ಅಲೆ ಬಂಡೆಯಲ್ಲಿ ಜೋರಾಗಿ ಓಡಿ ಬಂದು ಮೆತ್ತನೆ ಮಣ್ಣಿಗೆ ಹೊಕ್ಕಾಗ ನಿಧಾನವಾಗುತ್ತದೆ, ಆದರೆ ಹೊತ್ತು ತಂದ ಶಕ್ತಿ ಎಲ್ಲಾದರೂ ಹೋಗಬೇಕಲ್ವಾ, ಅಲ್ಲಿ ತೂಗಾಟ ದೊಡ್ಡದಾಗುತ್ತದೆ. 1985ರಲ್ಲಿ 300 ಕಿ.ಮೀ.ಗೂ ದೂರದ ಭೂಕಂಪ ಮೆಕ್ಸಿಕೋ ಸಿಟಿಯಲ್ಲಿ ಹಳೇ ಕೆರೆಯ ಹೂಳಿನ ಮೇಲಿದ್ದ ಕಟ್ಟಡಗಳನ್ನೇ ಹೆಚ್ಚಾಗಿ ಕೆಡವಿತು.

ಐದಾರು ಅಡಿ ಗುಂಡಿ ತೆಗೆಸಿ. ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲು, ಸಿಕ್ಕರೆ ಸರಿ. ಕೊಳೆತ ಬೇರು, ಇಟ್ಟಿಗೆ ಚೂರು ಬಂದರೆ ಅದು ತುಂಬಿಸಿದ ಜಾಗ. ಆಷಾಢದಲ್ಲೂ ಒಮ್ಮೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ನೋಡಿ, ಬೇಸಿಗೆಯಲ್ಲಿ ಎಲ್ಲ ಸೈಟೂ ಚೆಂದವೇ.

ನಮ್ಮ ಕಡೆ ದೊಡ್ಡ ತಾಪತ್ರಯ ಗುಡ್ಡ ಕಡಿದು, ಅದೇ ಮಣ್ಣನ್ನು ಮುಂದಕ್ಕೆ ತಳ್ಳಿ ಮಾಡಿದ ಸೈಟು. ಮನೆಯ ಒಂದು ಕಾಲು ಗಟ್ಟಿ ನೆಲದಲ್ಲಿ, ಇನ್ನೊಂದು ಸಡಿಲ ಮಣ್ಣಿನಲ್ಲಿ. ಸಾಗರದ ಹತ್ತಿರ ನಮ್ಮ ಚಿಕ್ಕಪ್ಪನ ಮನೆ ಹೀಗೇ ಇದೆ, ಭೂಕಂಪ ಬೇಕಾಗಲೇ ಇಲ್ಲ, ಎರಡು ಮಳೆಗಾಲಕ್ಕೇ ಹಾಲಿನ ನಡುವೆ ಬಿರುಕು ಬಂತು. ಆಗುವುದಾದರೆ ಇಡೀ ಮನೆಯನ್ನು ಕಡಿದ ಕಡೆಗೆ ಎಳೆಯಿರಿ, ಆದರೆ ಧರೆಗೆ, ಅಂದರೆ ಕಡಿದು ನಿಂತ ಗುಡ್ಡದ ಗೋಡೆಗೆ, ಅಂಟಿಸಬೇಡಿ. ಇಲ್ಲವಾದರೆ ತುಂಬಿಸಿದ ಕಡೆ ಪಾಯವನ್ನು ಹಳೇ ಗಟ್ಟಿ ನೆಲದವರೆಗೂ ಇಳಿಸಿ, ಖರ್ಚಾದರೂ ಸರಿ.

ಹೊಳೆ ದಂಡೆಯ ಮರಳು ನೆಲವಾದರೆ ಮಣ್ಣು ಪರೀಕ್ಷೆ ಮಾಡಿಸದೆ ಕೈ ಹಾಕಬೇಡಿ. ನೀರು ತುಂಬಿದ ಮರಳು ಅಲುಗಿದಾಗ ಗಂಜಿಯ ಹಾಗಾಗುತ್ತದೆ. 1964ರಲ್ಲಿ ಜಪಾನಿನ ನಿಗಾಟಾದಲ್ಲಿ ಅಪಾರ್ಟ್‌ಮೆಂಟುಗಳು ಮುರಿಯದೆ ಹಾಗೇ ವಾಲಿ ಮಲಗಿದವು.

ಇನ್ನು ಗೋಡೆ. ಜಂಬಿಟ್ಟಿಗೆ ಮನೆಯನ್ನು ಪೆಟ್ಟಿಗೆಯ ಹಾಗೆ ಬಿಗಿಯಬೇಕು: ಪಾಯದ ಮೇಲೊಂದು, ಬಾಗಿಲು ಕಿಟಕಿಗಳ ತಲೆಯ ಮೇಲೆ ಲಿಂಟಲ್ ಮಟ್ಟದಲ್ಲೊಂದು ಕಾಂಕ್ರೀಟ್ ಬೆಲ್ಟ್, ಎಲ್ಲೂ ತುಂಡಾಗದೆ, ಒಳಗೋಡೆ ಮೇಲೂ. ಹೆಂಚಿನ ಮನೆಯಾದರೆ ಮೇಲಿನ ತ್ರಿಕೋನದ ಗೋಡೆ ಮರೆಯಬೇಡಿ, ಮೊದಲು ಬೀಳುವುದು ಸಾಮಾನ್ಯವಾಗಿ ಅದೇ. ಮೂಲೆಗೇ ಕಿಟಕಿ ಬೇಡ. ಕೆಳಗೆ ಬರೀ ಕಂಬ ಬಿಟ್ಟು ಪಾರ್ಕಿಂಗ್ ಮಾಡುವವರು 2001ರಲ್ಲಿ ಅಹಮದಾಬಾದಿನಲ್ಲಿ ಬಿದ್ದ ಅಪಾರ್ಟ್‌ಮೆಂಟುಗಳನ್ನು ನೆನಪಿಡಿ, ಭೂಕಂಪ ಆಗಿದ್ದು ಭುಜ್ ಕಡೆ, ಅದು ಅಲ್ಲಿಂದ 200 ಕಿ.ಮೀ.ಗೂ ದೂರ.

ಕಂಬದ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗುಗಳ ತುದಿಯನ್ನು 135 ಡಿಗ್ರಿ ಒಳಕ್ಕೆ ಮಡಚಿಸಿ. ಸುಮ್ನೆ 90ಕ್ಕೆ ಬಿಟ್ಟರೆ ಅಲುಗಾಟಕ್ಕೆ ಬಿಚ್ಚಿಕೊಳ್ಳುತ್ತವೆ. ಮೇಸ್ತ್ರಿ ಗೊಣಗಿಯೇ ಗೊಣಗುತ್ತಾರೆ, ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ನೀವೇ ಹೋಗಿ ಎಣಿಸಿ ನೋಡಿ.